40ರಿಂದ ಕಳೆಯಬೇಕು, 37ರಿಂದ ಅಲ್ಲ: ಬೇಗ ಹುಟ್ಟಿದ ಮಗುವಿನ ವಯಸ್ಸಿನ ಲೆಕ್ಕ

ನರ್ಸಿಂಗ್ ಕ್ಲಾಸ್ ಟೆಸ್ಟ್‌ನಲ್ಲಿ ಬಂದ ಪ್ರಶ್ನೆ ಇದು. ಗರ್ಭದ 32 ವಾರಕ್ಕೆ ಹುಟ್ಟಿದ ಮಗು. ಈಗ 6 ತಿಂಗಳು. ಕತ್ತು ನಿಂತಿದೆ, ಆದರೆ ಇನ್ನೂ ಬೋರಲು ಬಿದ್ದಿಲ್ಲ. ಹಿಡಿದು ಕೂರಿಸಿದರೆ ವಾಲುತ್ತದೆ. ಬೆಳವಣಿಗೆ ತಡವಾಗಿದೆಯೇ? ನಾನು ಧೈರ್ಯವಾಗಿ "ಹೌದು" ಎಂದು ಬರೆದು ಬಂದೆ. ಸೊನ್ನೆ ಸಿಕ್ಕಿತು.

ಮೈಲಿಗಲ್ಲುಗಳು, ಅಂದರೆ ಮಗು ಯಾವ ತಿಂಗಳಿಗೆ ಏನು ಮಾಡುತ್ತದೆ ಎಂಬುದು, ಬೇಗ ಮುಗಿಸುತ್ತೇನೆ. 2 ತಿಂಗಳಿಗೆ ಮುಖ ನೋಡಿ ನಗು, 3-4ಕ್ಕೆ ಕತ್ತು ನಿಲ್ಲುವುದು, 5ಕ್ಕೆ ಬೋರಲು, 6ಕ್ಕೆ ಆಸರೆ ಕೊಟ್ಟರೆ ಕೂರುವುದು, 8ಕ್ಕೆ ತಾನೇ ಕೂರುವುದು, 9ರ ಹೊತ್ತಿಗೆ ಅಂಬೆಗಾಲು, ವರ್ಷಕ್ಕೆ ಒಂದೆರಡು ಅರ್ಥವಿರುವ ಪದ. ಎಲ್ಲವೂ ಒಂದಿಷ್ಟು ಹಿಂದೆ ಮುಂದೆ. ಅಮ್ಮಂದಿರನ್ನು "ಅಂಬೆಗಾಲು ಯಾವ ತಿಂಗಳು?" ಎಂದು ಕೇಳುವುದಕ್ಕಿಂತ "ಹೊಸ್ತಿಲು ದಾಟಿದ್ದು ಯಾವಾಗ?" ಎಂದು ಕೇಳಿ. ಅದು ಚೆನ್ನಾಗಿ ನೆನಪಿರುತ್ತದೆ.

ಈಗ ನಾನು ಎಡವಿದ ಜಾಗ. ಬೇಗ ಹುಟ್ಟಿದ ಮಗುವಿನ ಮೈಲಿಗಲ್ಲು ನೋಡುವಾಗ, ಎಷ್ಟು ವಾರ ಮುಂಚೆ ಹುಟ್ಟಿತೋ ಅಷ್ಟನ್ನು ವಯಸ್ಸಿನಿಂದ ಕಳೆಯಬೇಕು. ಇದು ಗೊತ್ತಾದ ಮೇಲೂ ನನ್ನ ಉತ್ತರ ತಪ್ಪುತ್ತಲೇ ಇತ್ತು. ಯಾಕೆಂದರೆ ನಾನು 37ರಿಂದ ಕಳೆಯುತ್ತಿದ್ದೆ. 37 ವಾರಕ್ಕೆ ಮೊದಲು ಹುಟ್ಟಿದರೆ ತಾನೇ 'ಪ್ರೀಟರ್ಮ್' ಅನ್ನುವುದು? ಹಾಗಾಗಿ 37 - 32 = 5 ವಾರ. ತಪ್ಪು! ಒಂದು ಪರೀಕ್ಷೆಯಲ್ಲಿ 100ಕ್ಕೆ 35 ಬಂದರೆ ಪಾಸ್ ಎಂದುಕೊಳ್ಳಿ. ಎಷ್ಟು ಅಂಕ ಹೋಯಿತು ಎಂದು ಎಣಿಸುವುದು ಮಾತ್ರ 100ರಿಂದ, ಅಲ್ವಾ? ಹಾಗೆಯೇ 37 ಬರೀ ಗೆರೆ. ಪೂರ್ತಿ ಲೆಕ್ಕ 40 ವಾರ. 40 - 32 = 8 ವಾರ, ಹತ್ತಿರ ಹತ್ತಿರ 2 ತಿಂಗಳು. 6ರಲ್ಲಿ 2 ಹೋದರೆ 4. ನಾಲ್ಕು ತಿಂಗಳ ಮಗು ಬೋರಲು ಬೀಳದಿದ್ದರೆ ಗಾಬರಿ ಬೇಡ. ಕತ್ತು ನಿಂತಿದೆಯಲ್ಲ, ಸರಿ ಇದೆ. ಹೀಗೆ ಕಳೆಯುವುದು 2 ವರ್ಷ ತುಂಬುವವರೆಗೆ ಮಾತ್ರ.

ಇದು ಅರ್ಥವಾದ ಖುಷಿಯಲ್ಲಿ ಎಲ್ಲದಕ್ಕೂ ಕಳೆಯಲು ಹೊರಟೆ. ಲಸಿಕೆಗೂ! ಅದಕ್ಕೆ ಹುಟ್ಟಿದ ದಿನದಿಂದಲೇ ಲೆಕ್ಕ. 6 ವಾರದ ಪೆಂಟಾವೇಲೆಂಟ್ (ಐದು ರೋಗಗಳಿಗೆ ಒಂದೇ ಲಸಿಕೆ) 6 ವಾರಕ್ಕೇ. ಮಗುವಿಗೆ ತಿಂಗಳು ತುಂಬಲಿ ಎಂದು ರೋಗಾಣು ಕಾಯುವುದಿಲ್ಲ.

ಕಣ್ಣಿನ ಪರೀಕ್ಷೆಯೂ ಹಾಗೇ. ಬೇಗ ಹುಟ್ಟಿದ ಮಗುವಿನ ರೆಟಿನಾದಲ್ಲಿ (ಕಣ್ಣಿನ ಹಿಂಭಾಗದ ಪರದೆ) ರಕ್ತನಾಳ ಪೂರ್ತಿ ಬೆಳೆದಿರುವುದಿಲ್ಲ. ಅದು ಅಡ್ಡಾದಿಡ್ಡಿ ಬೆಳೆದರೆ ಆರ್‌ಒಪಿ (ರೆಟಿನೋಪತಿ ಆಫ್ ಪ್ರಿಮೆಚ್ಯೂರಿಟಿ) ಎಂಬ ಕಣ್ಣಿನ ತೊಂದರೆ. 34 ವಾರಕ್ಕೆ ಮೊದಲು ಹುಟ್ಟಿದ, ಅಥವಾ 2 ಕೆಜಿಗಿಂತ ಕಡಿಮೆ ಇರುವ ಮಗುವಿಗೆ ಹುಟ್ಟಿದ 30 ದಿನದೊಳಗೆ ಕಣ್ಣು ನೋಡಿಸಬೇಕು. ತೀರಾ ಚಿಕ್ಕ ಮಕ್ಕಳಿಗೆ ಇನ್ನೂ ಬೇಗ, 2-3 ವಾರದಲ್ಲೇ. ನಮ್ಮಲ್ಲಿ ಹಳ್ಳಿ ಕಡೆಯ ಮಕ್ಕಳಿಗಾಗಿ 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯ ಕಣ್ಣಿನ ಆಸ್ಪತ್ರೆಯಿಂದ ಕಿಡ್‌ರಾಪ್ ಎಂಬ ಕಾರ್ಯಕ್ರಮ ಶುರುವಾಯಿತು. ಟೆಕ್ನಿಷಿಯನ್ ಊರಿಗೇ ಹೋಗಿ ರೆಟಿನಾದ ಫೋಟೊ ತೆಗೆಯುತ್ತಾರೆ, ಡಾಕ್ಟರ್ ದೂರದಿಂದಲೇ ನೋಡುತ್ತಾರೆ.

ಅದೇ ಪ್ರಶ್ನೆಯ ಎರಡನೇ ಭಾಗ: "ಮಗು ಊಂ ಊಂ ಎನ್ನುತ್ತದೆ, ತಟ್ಟೆ ಬಿದ್ದರೆ ಬೆಚ್ಚುತ್ತದೆ. ಕಿವಿ ಪರೀಕ್ಷೆ ಬೇಕೇ?" ಬೇಡ ಎಂದು ಬರೆದಿದ್ದೆ, ಅದೂ ಹೋಯಿತು. ಕಿವಿ ಕೇಳದ ಮಗುವೂ ಮೊದಲ ಕೆಲವು ತಿಂಗಳು ಊಂ ಎನ್ನುತ್ತದೆ. ತಟ್ಟೆ ಬಿದ್ದಾಗ ಅದುರಿದ ನೆಲಕ್ಕೂ ಬೆಚ್ಚಬಹುದು. ಕಿವಿಗೆ 1-3-6 ನೆನಪಿಟ್ಟುಕೊಳ್ಳಿ: 1 ತಿಂಗಳೊಳಗೆ ಸ್ಕ್ರೀನಿಂಗ್, 3ರೊಳಗೆ ದೋಷ ಇದೆಯೋ ಇಲ್ಲವೋ ಖಚಿತ, 6ರೊಳಗೆ ಚಿಕಿತ್ಸೆ ಶುರು.

ಪುಟ್ಟ ಮಕ್ಕಳ ಕಿವಿ ಪರೀಕ್ಷೆ ಮುಖ್ಯವಾಗಿ ಎರಡು: ಓಎಇ ಮತ್ತು ಬೆರಾ. ಓಎಇ ಒಳಕಿವಿಯ ಕಾಕ್ಲಿಯ ಎಂಬ ಭಾಗದವರೆಗೆ ಮಾತ್ರ ನೋಡುತ್ತದೆ. ಬೆರಾ ಅಲ್ಲಿಂದ ಮುಂದೆ ನರ ಮತ್ತು ಮೆದುಳಿನ ಕಾಂಡವನ್ನೂ ನೋಡುತ್ತದೆ. ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) 5 ದಿನಕ್ಕಿಂತ ಜಾಸ್ತಿ ಇದ್ದ ಮಗುವಿಗೆ ನರದಲ್ಲೇ ತೊಂದರೆ ಇರುವ ಸಾಧ್ಯತೆ ಹೆಚ್ಚು, ಹಾಗಾಗಿ ಓಎಇ ಪಾಸಾದರೂ ಬೆರಾ ಬೇಕು. ಇನ್ನು ಓಎಇ ಯಂತ್ರ 'ರೆಫರ್' (ಪಾಸಾಗಿಲ್ಲ) ಎಂದ ಮಾತ್ರಕ್ಕೆ ಕಿವುಡು ಎಂದಲ್ಲ. ಹುಟ್ಟಿದ ಮೊದಲ ದಿನ ಕಿವಿಯಲ್ಲಿ ಕೊಳೆ, ನೀರು ಇದ್ದರೂ ಹಾಗೇ ಬರುತ್ತದೆ. ಮತ್ತೆ ಮಾಡಿಸಬೇಕು, ಅಷ್ಟೇ.