ಮನೆಯಲ್ಲಿ ಎಲ್ಲಿಟ್ಟರೂ ಗೈಗರ್ ಮೀಟರ್ ಟಿಕ್ ಟಿಕ್ ಅನ್ನುತ್ತದೆ, ಗ್ರಾನೈಟ್ ಕೀಳಿಸಬೇಕಾ?

ಪ್ರಶ್ನೆ: ಆನ್‌ಲೈನಿನಲ್ಲಿ ವಿಕಿರಣ ಪತ್ತೆಹಚ್ಚುವ ಒಂದು ಸಣ್ಣ ಗೈಗರ್ ಮೀಟರ್ ತರಿಸಿದೆ. ಬೆಂಗಳೂರಿನ ವಿಜಯನಗರದ ನಮ್ಮ ಮನೆಯಲ್ಲಿ ಎಲ್ಲಿಟ್ಟರೂ ಟಿಕ್ ಟಿಕ್ ಅನ್ನುತ್ತದೆ. ಅಡುಗೆಮನೆಯ ಗ್ರಾನೈಟ್ ಕಟ್ಟೆ ಮೇಲೆ ಒಮ್ಮೊಮ್ಮೆ ಜಾಸ್ತಿ ತೋರಿಸುತ್ತದೆ. ಚಿಕ್ಕ ಮಕ್ಕಳಿರುವ ಮನೆ. ಕಲ್ಲು ಕೀಳಿಸಿ ಬೇರೆ ಹಾಕಿಸಬೇಕಾ?

ಉತ್ತರ: ಬೇಡ. ಕಟ್ಟೆ ಹಾಗೇ ಇರಲಿ.

ಕೆಟ್ಟಿಲ್ಲದ ಗೈಗರ್ ಮೀಟರು ಎಲ್ಲಿಟ್ಟರೂ ಟಿಕ್ ಅನ್ನಲೇಬೇಕು. ಸದ್ದೇ ಇಲ್ಲದಿದ್ದರೆ ಬ್ಯಾಟರಿಯನ್ನೋ ಟ್ಯೂಬನ್ನೋ ಅನುಮಾನಿಸಬೇಕು. ನಮ್ಮ ಸುತ್ತಲಿನ ಮಣ್ಣು, ಇಟ್ಟಿಗೆ, ಕಲ್ಲು ಎಲ್ಲದರಲ್ಲೂ ವಿಕಿರಣ ಸೂಸುವ ಚೂರುಪಾರು ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಇದೆ. ನಮ್ಮ ಮೈಯಲ್ಲೂ ಇದೆ: ದೊಡ್ಡವರೊಬ್ಬರ ದೇಹದಲ್ಲಿ ಸೆಕೆಂಡಿಗೆ 4000ಕ್ಕೂ ಜಾಸ್ತಿ ಪೊಟ್ಯಾಸಿಯಂ ಪರಮಾಣುಗಳು ಒಡೆಯುತ್ತವೆ. ಇದರ ಜೊತೆಗೆ ಆಕಾಶದಿಂದ ಬೀಳುವ ಕಣಗಳು. ಎಲ್ಲ ಸೇರಿ ಒಬ್ಬರಿಗೆ ವರ್ಷಕ್ಕೆ ಸಿಗುವ ಸಹಜ ವಿಕಿರಣದ ಜಾಗತಿಕ ಸರಾಸರಿ 2.4 ಮಿಲಿಸೀವರ್ಟ್ (ವಿಕಿರಣ ದೇಹಕ್ಕೆ ಎಷ್ಟು ತಾಗಿತು ಅನ್ನುವುದರ ಅಳತೆ). ಎದೆಯ ಒಂದು ಎಕ್ಸ್-ರೇಯಿಂದ ಬರುವುದು ಸುಮಾರು 0.1 ಅಥವಾ ಅದಕ್ಕಿಂತ ಕಡಿಮೆ.

ನಿಮ್ಮ ಕಟ್ಟೆ ಕಪ್ಪು ಕಲ್ಲಿನದಾ? ಹಾಗಿದ್ದರೆ ಚಿಂತೆ ಇನ್ನೂ ಕಡಿಮೆ. ಅಂಗಡಿಯಲ್ಲಿ ಬ್ಲ್ಯಾಕ್ ಗ್ರಾನೈಟ್ ಅಂತ ಮಾರುವ ಚಾಮರಾಜನಗರದ ಕಡೆಯ ಕಲ್ಲು ಬಹುಪಾಲು ಡಾಲರೈಟ್ ಅನ್ನುವ ಬೇರೆ ಕಲ್ಲು. ಅದರಲ್ಲಿ ಪೊಟ್ಯಾಸಿಯಂ, ಥೋರಿಯಂ ಎರಡೂ ಕಡಿಮೆ. ಇಳಕಲ್ಲಿನ ಕೆಂಪು ಕಲ್ಲು ನಿಜವಾದ ಗ್ರಾನೈಟ್. ಅದರ ಮೇಲೆ ಮೀಟರು ಸ್ವಲ್ಪ ಚುರುಕಾಗಬಹುದು. ಅಷ್ಟಕ್ಕೆ ಕಲ್ಲು ಕೀಳಿಸುವ ಅಗತ್ಯ ಇಲ್ಲ.

ಈಗ ಆ ಟಿಕ್ ಹೇಗೆ ಹುಟ್ಟುತ್ತದೆ ನೋಡೋಣ. ಮೀಟರಿನೊಳಗೆ ಬೆರಳುದ್ದದ ಒಂದು ಟ್ಯೂಬಿದೆ. ಅದರಲ್ಲಿ ನಿಯಾನ್ ಅಥವಾ ಆರ್ಗಾನ್ ಅನಿಲ, ನಟ್ಟ ನಡುವೆ ಒಂದು ತೆಳು ತಂತಿ. ತಂತಿಗೂ ಟ್ಯೂಬಿನ ಗೋಡೆಗೂ ಮಧ್ಯೆ ಸುಮಾರು 400 ವೋಲ್ಟ್. ಹೊರಗಿನಿಂದ ಒಂದು ಕಣ ನುಗ್ಗಿ ಅನಿಲದ ಪರಮಾಣುವಿನಿಂದ ಒಂದೇ ಒಂದು ಎಲೆಕ್ಟ್ರಾನ್ ಕಿತ್ತರೂ ಸಾಕು. ಅದು ತಂತಿಯ ಕಡೆ ಓಡುತ್ತದೆ, ದಾರಿಯಲ್ಲಿ ಬೇರೆ ಪರಮಾಣುಗಳಿಗೆ ಗುದ್ದುತ್ತದೆ, ಅಲ್ಲಿಂದಲೂ ಎಲೆಕ್ಟ್ರಾನುಗಳು ಹೊರಬರುತ್ತವೆ. ಒಂದು ಎರಡಾಗಿ, ಎರಡು ನಾಲ್ಕಾಗಿ ಕಣ್ಣು ಮಿಟುಕಿಸುವಷ್ಟರಲ್ಲಿ ಕೋಟಿಗಟ್ಟಲೆ ಆಗುತ್ತವೆ. ಆ ವಿದ್ಯುತ್ತಿನ ಹೊಡೆತವೇ ನಿಮಗೆ ಕೇಳುವ ಟಿಕ್. 1908ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹ್ಯಾನ್ಸ್ ಗೈಗರ್ ಮತ್ತು ಅರ್ನೆಸ್ಟ್ ರುದರ್‌ಫರ್ಡ್ ಇದರ ಮೊದಲ ರೂಪ ಮಾಡಿದರು. ಇವತ್ತಿನ ಟ್ಯೂಬು 1928ರದ್ದು, ಗೈಗರ್ ಮತ್ತು ಅವರ ಶಿಷ್ಯ ವಾಲ್ಟರ್ ಮ್ಯೂಲರ್ ಮಾಡಿದ್ದು.

ಒಂದು ವಿಷಯ ಗಮನಿಸಿ. ನುಗ್ಗಿದ್ದು ಜೋರಿನ ಕಣವೋ, ಸುಸ್ತಾದ ಕಣವೋ, ಹೊಡೆತ ಒಂದೇ ಸಮ. ಗೈಗರ್ ಟ್ಯೂಬಿಗೆ ಎಣಿಸಲು ಬರುತ್ತದೆ, ತೂಗಲು ಬರುವುದಿಲ್ಲ. ವಿಕಿರಣದ ಒಂದು ಬಗೆಯಾದ ಗಾಮಾ ಕಿರಣಗಳಲ್ಲಿ ನೂರಕ್ಕೆ ಒಂದೆರಡು ಮಾತ್ರ ಅದಕ್ಕೆ ಸಿಗುತ್ತವೆ. ಇನ್ನೊಂದು ಬಗೆಯಾದ ಆಲ್ಫಾ ಕಣವಂತೂ ಟ್ಯೂಬಿನ ಗಾಜಿನ ಗೋಡೆ ದಾಟುವುದೇ ಇಲ್ಲ. ಹೀಗಿದ್ದೂ ಪರದೆ ಮೇಲೆ ಮೈಕ್ರೋಸೀವರ್ಟ್ (ಮಿಲಿಸೀವರ್ಟಿನ ಸಾವಿರದ ಒಂದು ಪಾಲು) ಅಂತ ದಪ್ಪ ಅಕ್ಷರದಲ್ಲಿ ಅಂಕಿ ಬರುತ್ತದೆ. ಸಾಮಾನ್ಯವಾಗಿ ಅದು ಎಲ್ಲ ಟಿಕ್ಕುಗಳೂ ಸೀಸಿಯಂ-137 ಅನ್ನುವ ವಿಕಿರಣಶೀಲ ವಸ್ತುವಿನ ಗಾಮಾ ಕಿರಣದಿಂದಲೇ ಬಂದವು ಅಂದುಕೊಂಡು ಹಾಕಿದ ಲೆಕ್ಕ. ಇದನ್ನು ಡಬ್ಬದ ಮೇಲೆ ದೊಡ್ಡದಾಗಿ ಬರೆಯಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮಕ್ಕಳಿರುವ ಮನೆಯವರನ್ನು ಒಂದು ಅಂಕಿಯಿಂದ ಹೆದರಿಸುವುದು ಸರಿಯಲ್ಲ, ಅಲ್ವಾ?

ಯಾವ ವಸ್ತುವಿನಿಂದ ಬಂತು ಅಂತ ತಿಳಿಯಬೇಕಾದರೆ ಬೇರೆ ಉಪಕರಣ ಬೇಕು. 1948ರಲ್ಲಿ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ಹಾಫ್‌ಸ್ಟಾಟರ್ ಥ್ಯಾಲಿಯಂ ಬೆರೆಸಿದ ಸೋಡಿಯಂ ಅಯೋಡೈಡ್ ಹರಳು ಇದಕ್ಕೆ ಒದಗುತ್ತದೆ ಎಂದು ತೋರಿಸಿದರು. ಗಾಮಾ ಕಿರಣ ಬಿದ್ದರೆ ಹರಳು ಮಿನುಗುತ್ತದೆ. ಕಿರಣದ ಶಕ್ತಿ ಜಾಸ್ತಿ ಇದ್ದಷ್ಟೂ ಬೆಳಕು ಜಾಸ್ತಿ. ಬೆಳಕನ್ನು ಅಳೆದರೆ ಪೊಟ್ಯಾಸಿಯಂ ಬೇರೆ, ಥೋರಿಯಂ ಬೇರೆ ಎಂದು ಗುರುತಿಸಬಹುದು.

ನಿಮ್ಮ ಮೀಟರಿನಲ್ಲೇ ಸರಿಯಾಗಿ ಅಳೆಯಲು ತಾಳ್ಮೆ ಸಾಕು. ಸಣ್ಣ ಟ್ಯೂಬಿಗೆ ನಿಮಿಷಕ್ಕೆ 20–30 ಟಿಕ್ ಮಾಮೂಲು. ಒಟ್ಟು ಎಣಿಕೆಯ ವರ್ಗಮೂಲದಷ್ಟು ಏರುಪೇರು ಸಹಜವಾಗಿಯೇ ಇರುತ್ತದೆ. 25 ಬಂದರೆ ಆಚೆ ಈಚೆ 5. ಹಾಗಾಗಿ ನಡುಮನೆಯಲ್ಲಿ 22, ಕಟ್ಟೆ ಮೇಲೆ 28 ಬಂದರೆ ಅದರಿಂದ ಏನೂ ಹೇಳಲಾಗದು. ಎರಡೂ ಕಡೆ ಹದಿನೈದು ಇಪ್ಪತ್ತು ನಿಮಿಷ ಬಿಟ್ಟು, ಒಟ್ಟು ಎಣಿಕೆ ಬರೆದುಕೊಂಡು ಹೋಲಿಸಿ. ಮನೆಯಲ್ಲಿ ಹಳೇ ಪೆಟ್ರೋಮ್ಯಾಕ್ಸ್ ದೀಪದ ಮ್ಯಾಂಟಲ್ ಇದ್ದರೆ ಅದರ ಪ್ಯಾಕೆಟ್ ಬಿಚ್ಚದೆ ಮೀಟರಿನ ಹತ್ತಿರ ಹಿಡಿದು ನೋಡಿ. ಥೋರಿಯಂ ಹಾಕಿದ ಮ್ಯಾಂಟಲ್ ಆದರೆ ನಿಜವಾದ ಏರಿಕೆ ಎಂದರೇನು ಅಂತ ಕೂಡಲೇ ಕಿವಿಗೆ ಗೊತ್ತಾಗುತ್ತದೆ.

ಆಕಾಶದ ಪಾಲು ಎಷ್ಟು ಅನ್ನುವ ಪ್ರಶ್ನೆ ನನಗೆ ಎಲ್ಲಕ್ಕಿಂತ ಇಷ್ಟ. ಸಮುದ್ರಮಟ್ಟದಲ್ಲಿ ಒಂದು ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಆಕಾಶದಿಂದ ಸುಮಾರು ಒಂದು ಮ್ಯೂಆನ್ ಅನ್ನುವ ಕಣ ಬೀಳುತ್ತದೆ. ಅಂಗೈ ಚಾಚಿದರೆ ನಿಮಿಷಕ್ಕೆ ನೂರರ ಆಸುಪಾಸು. 900 ಮೀಟರಿಗೂ ಎತ್ತರದ ಬೆಂಗಳೂರಿನಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಕಲ್ಲಿನ ಟಿಕ್ಕಿನಿಂದ ಇದನ್ನು ಬೇರ್ಪಡಿಸಲು ಒಂದರ ಮೇಲೊಂದು ಎರಡು ಟ್ಯೂಬ್ ಇಟ್ಟು, ಎರಡೂ ಒಟ್ಟಿಗೆ ಟಿಕ್ ಅಂದಾಗ ಮಾತ್ರ ಎಣಿಸಬೇಕು. ಎರಡನ್ನೂ ತೂರಿ ಹೋಗುವ ತಾಕತ್ತು ಹೆಚ್ಚಾಗಿ ಮ್ಯೂಆನಿಗೇ. ಈ ಉಪಾಯವನ್ನು ಬೆಳೆಸಿದ ವಾಲ್ಟರ್ ಬೋಥೆಗೆ 1954ರಲ್ಲಿ ನೊಬೆಲ್ ಬಂತು.

ನಮ್ಮೂರಿಗೂ ಇದಕ್ಕೂ ಹಳೇ ನಂಟು. 1939ರಲ್ಲಿ ಯುದ್ಧದಿಂದಾಗಿ ಕೇಂಬ್ರಿಡ್ಜಿಗೆ ವಾಪಸ್ ಹೋಗಲಾಗದ ಹೋಮಿ ಭಾಭಾ ಟಾಟಾ ಇನ್ಸ್‌ಟಿಟ್ಯೂಟಿನಲ್ಲೇ, ಅಂದರೆ ಈಗಿನ ಐಐಎಸ್ಸಿಯಲ್ಲಿ, ಕಾಸ್ಮಿಕ್ ಕಿರಣಗಳ ಸಂಶೋಧನೆ ಶುರು ಮಾಡಿದರು. ಆಮೇಲೆ 1950ರ ದಶಕದಲ್ಲಿ ನಂಜನಗೂಡಿನ ಭೌತವಿಜ್ಞಾನಿ ಬಿ.ವಿ. ಶ್ರೀಕಂಠನ್ ಗೈಗರ್ ಕೌಂಟರುಗಳನ್ನು ಕೋಲಾರದ ಚಿನ್ನದ ಗಣಿಗೆ ಇಳಿಸಿದರು. ಆಳಕ್ಕೆ ಹೋದಷ್ಟೂ ಮ್ಯೂಆನ್ ಎಣಿಕೆ ಇಳಿಯುತ್ತಾ ಹೋಯಿತು. ಮೇಲಿನ ಬಂಡೆ ಅವನ್ನು ಅಷ್ಟು ತಡೆಯುತ್ತದೆ ಅಂದ ಮೇಲೆ, ಯಾವ ಬಂಡೆಗೂ ನಿಲ್ಲದ ನ್ಯೂಟ್ರಿನೊ ಅನ್ನುವ ಕಣ ಹುಡುಕಲು ಅದಕ್ಕಿಂತ ಒಳ್ಳೇ ಜಾಗ ಎಲ್ಲಿ? ನೆಲದಿಂದ ಸುಮಾರು 2.3 ಕಿಲೋಮೀಟರ್ ಕೆಳಗೆ ಮಿನುಗುವ ಪ್ಲಾಸ್ಟಿಕ್ ಹಲಗೆಗಳನ್ನೂ ನಿಯಾನ್ ಟ್ಯೂಬುಗಳನ್ನೂ ಜೋಡಿಸಿದರು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತು 1965ರಲ್ಲಿ ಅಲ್ಲಿ ಸಿಕ್ಕಿತು.