ನೀರಿನ ಮೀಟರ್ ಓದೋದು ಹೇಗೆ: ಕೆಂಪು ಮುಳ್ಳು, ಸಂಪು, ಸ್ಲ್ಯಾಬ್

ಬೆಂಗಳೂರಿನ ಮನೆ, ಜಲಮಂಡಳಿಯ ಕಾವೇರಿ ಸಂಪರ್ಕ, ಅರ್ಧ ಇಂಚಿನ ಸಾಮಾನ್ಯ ಮೀಟರ್. ಈ ಟಿಪ್ಪಣಿ ಅಷ್ಟಕ್ಕೇ. ಕಲಿತದ್ದು ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ, ನಿಮಗೂ ಉಪಯೋಗಕ್ಕೆ ಬರಲಿ.

ಕಪ್ಪು ಅಂಕಿ

ಕಪ್ಪು ಅಂಕಿಗಳು ಕಿಲೋಲೀಟರ್ ತೋರಿಸುತ್ತವೆ. ಒಂದು ಅಂಕಿ ಮುಂದೆ ಹೋದರೆ ಸಾವಿರ ಲೀಟರ್ ಒಳಗೆ ಬಂತು ಅಂತ. ಮೀಟರ್ ರೀಡರ್ ಬರೆದುಕೊಳ್ಳುವುದು ಇದನ್ನೇ. ಈ ಸಲದ ಅಂಕಿಯಿಂದ ಹೋದ ಸಲದ್ದನ್ನು ಕಳೆದರೆ ಬಿಲ್ಲಿನ ಯೂನಿಟ್ ಸಿಗುತ್ತದೆ.

ಕೆಂಪು ಮುಳ್ಳು (ತಲೆ ಕೆಡುವುದು ಇಲ್ಲೇ)

ಕೆಳಗಿನ ಪುಟ್ಟ ವೃತ್ತಗಳಲ್ಲಿ ಕೆಂಪು ಮುಳ್ಳುಗಳಿರುತ್ತವೆ. ಪಕ್ಕದಲ್ಲಿ ×0.1, ×0.01, ×0.001 ಅಂತ ಬರೆದಿರುತ್ತದೆ. ×0.1 ರಲ್ಲಿ ಒಂದು ಮನೆ (ಒಂದು ಅಂಕಿಯಿಂದ ಮುಂದಿನ ಅಂಕಿಯ ತನಕ) ಅಂದರೆ 100 ಲೀಟರ್, ×0.01 ರಲ್ಲಿ 10 ಲೀಟರ್, ×0.001 ರಲ್ಲಿ 1 ಲೀಟರ್. ಕೆಲವು ಮೀಟರ್‌ಗಳಲ್ಲಿ ×0.0001 ಕೂಡ ಇರುತ್ತದೆ, ಅದನ್ನು ಬಿಟ್ಟುಬಿಡಿ.

ಮುಳ್ಳು ಎರಡು ಅಂಕಿಗಳ ನಡುವೆ ಇದ್ದರೆ ಚಿಕ್ಕ ಅಂಕಿ ತೆಗೆದುಕೊಳ್ಳಬೇಕು. ಇದು ಎಲ್ಲರಿಗೂ ಗೊತ್ತು. ಮುಳ್ಳು ಒಂದು ಅಂಕಿಯ ಮೇಲೇ ಕೂತಂತೆ ಕಂಡಾಗ ಏನು ಮಾಡಬೇಕು ಅನ್ನುವುದೇ ಕಷ್ಟ. ಒಂದು ಉದಾಹರಣೆ ನೋಡಿ. ಕಪ್ಪು ಅಂಕಿ 342. ×0.1 ಮುಳ್ಳು 7 ರ ಮೇಲೇ ಇದ್ದಂತಿದೆ. ×0.01 ಮುಳ್ಳು 9 ದಾಟಿದೆ. ×0.001 ಮುಳ್ಳು 2 ರಲ್ಲಿದೆ. ಹಾಗಾದರೆ 342.792 ಅಂತ ಬರೆಯೋಣವೇ? ಬೇಡ. ×0.01 ಮುಳ್ಳು ಇನ್ನೂ 9 ರ ಹತ್ತಿರ ಇದೆ, ಸುತ್ತು ಮುಗಿಸಿ 0 ದಾಟಿಲ್ಲ. ಅದು ದಾಟುವ ತನಕ ×0.1 ಮುಳ್ಳು 7 ಕ್ಕೆ ಬಂದ ಹಾಗಲ್ಲ, 7 ಕ್ಕೆ ಬರುತ್ತಾ ಇದೆ ಅಷ್ಟೇ. ಸರಿಯಾದ ಓದು 342.692. ಗಡಿಯಾರದಲ್ಲಿ ನಾಲ್ಕಕ್ಕೆ ಐದು ನಿಮಿಷ ಇದ್ದಾಗ ಸಣ್ಣ ಮುಳ್ಳು ನಾಲ್ಕರ ಮೇಲೇ ಇದ್ದಂತೆ ಕಂಡರೂ ನಾವು ಮೂರು ಐವತ್ತೈದು ಅಂತೀವಲ್ಲ, ಅದೇ ಲೆಕ್ಕ.

ಅದಕ್ಕೇ ಎಲ್ಲಕ್ಕಿಂತ ಚಿಕ್ಕ ಲೆಕ್ಕದ ಮುಳ್ಳಿನಿಂದ (×0.001) ಶುರು ಮಾಡಿ. ಚಿಕ್ಕದು 8 ಅಥವಾ 9 ರಲ್ಲಿದ್ದರೆ ಅದರ ಮುಂದಿನ ದೊಡ್ಡ ಮುಳ್ಳಿನ ಮೇಲೆ ಅನುಮಾನ ಇರಲಿ, ಒಂದು ಕಡಿಮೆ ಓದಬೇಕಾಗಬಹುದು. 0 ಅಥವಾ 1 ರಲ್ಲಿದ್ದರೆ ದೊಡ್ಡ ಮುಳ್ಳು ಆಗಷ್ಟೇ ಅಂಕಿ ದಾಟಿದೆ, ಧೈರ್ಯವಾಗಿ ಬರೆಯಿರಿ.

ಇಷ್ಟು ಒದ್ದಾಟ ಯಾಕೆ ಅಂದರೆ, ಸ್ವಲ್ಪ ಹೊತ್ತಾದ ಮೇಲೆ ಅದೇ ಮೀಟರ್ 342.764 ಅಂತ ತೋರಿಸಿತು ಅಂದುಕೊಳ್ಳಿ. ಸರಿಯಾಗಿ ಓದಿದ್ದರೆ 72 ಲೀಟರ್ ಬಂದಿದೆ. ತಪ್ಪು ಓದಿದ್ದರೆ ಮೀಟರ್ 28 ಲೀಟರ್ ಹಿಂದಕ್ಕೆ ಓಡಿದೆ! ಲೆಕ್ಕ ಹಿಂದಕ್ಕೆ ಹೋದರೆ ಮೀಟರ್ ಕೆಟ್ಟಿದೆ ಅಂತ ದೂರು ಕೊಡುವ ಮುಂಚೆ 9 ರ ಮುಳ್ಳು ನೋಡಿ.

ಮೀಟರ್ ಸರಿ ಇದೆಯೇ ನೋಡಬೇಕಾ? ಸಂಪಿಗೆ (ನೆಲದೊಳಗಿನ ನೀರಿನ ತೊಟ್ಟಿ) ಹೋಗುವ ಮುಂಚೆ ಒಂದು ನಲ್ಲಿ ಇದ್ದರೆ ಕಾವೇರಿ ನೀರು ಬಂದಾಗ 20 ಲೀಟರ್ ಕ್ಯಾನ್ ತುಂಬಿಸಿ. ×0.01 ಮುಳ್ಳು ಎರಡು ಮನೆ ಹೋಗಬೇಕು. ಐದು ಕ್ಯಾನ್ ತುಂಬಿಸಿದರೆ ಇನ್ನೂ ನಂಬಿಕೆಯ ಲೆಕ್ಕ ಸಿಗುತ್ತದೆ. ನೀರು ಬಿಟ್ಟ ತಕ್ಷಣ ಮಾತ್ರ ಈ ಪರೀಕ್ಷೆ ಬೇಡ. ಖಾಲಿ ಪೈಪಿನಲ್ಲಿದ್ದ ಗಾಳಿ ನುಗ್ಗಿ ಬಂದಾಗಲೂ ಚಕ್ರ ತಿರುಗುತ್ತದೆ. ನೀರು ಒಂದೇ ಸಮನೆ ಬರುವ ತನಕ ಕಾಯಿರಿ.

ಸಂಪು ಇದ್ದರೆ ಸೋರಿಕೆ ಹುಡುಕುವ ದಾರಿಯೇ ಬೇರೆ

"ಎಲ್ಲ ನಲ್ಲಿ ನಿಲ್ಲಿಸಿ, ಮೀಟರ್ ತಿರುಗಿದರೆ ಸೋರಿಕೆ ಇದೆ" ಅಂತ ಎಲ್ಲ ಕಡೆ ಹೇಳುತ್ತಾರೆ. ಹಗಲೂ ರಾತ್ರಿ ನೀರು ಬಂದು ನೇರ ನಲ್ಲಿಗೆ ಹೋಗುವ ಊರಿಗೆ ಅದು ಸರಿ. ನಮ್ಮಲ್ಲಿ ಬಹಳಷ್ಟು ಕಡೆ ದಿನ ಬಿಟ್ಟು ದಿನ ನೀರು, ಅದೂ ಮೊದಲು ಸಂಪಿಗೆ ಬೀಳುತ್ತದೆ. ಸಂಪಿಗೆ ಎಷ್ಟು ಹೋಯಿತು ಅನ್ನುವುದಷ್ಟೇ ನಮ್ಮ ಮೀಟರ್‌ಗೆ ಗೊತ್ತು. ಸ್ನಾನಕ್ಕೆ ಎಷ್ಟು, ಸೋರಿದ್ದು ಎಷ್ಟು ಅದಕ್ಕೆ ಗೊತ್ತಿಲ್ಲ. ಆದ್ದರಿಂದ ದಾರಿಯನ್ನು ಮೂರು ತುಂಡು ಮಾಡಿಕೊಂಡು ನೋಡಬೇಕು.

ಮೀಟರ್‌ನಿಂದ ಸಂಪಿನ ತನಕ: ಸಂಪು ತುಂಬಿ ಬಾಲ್ ವಾಲ್ವ್ ಮುಚ್ಚಿಕೊಂಡಾಗ, ಹೊರಗೆ ನೀರು ಇನ್ನೂ ಬರುತ್ತಿರುವಾಗಲೇ ಮೀಟರ್ ನೋಡಿ. ಮುಖದ ಮೇಲೆ ಪುಟ್ಟ ನಕ್ಷತ್ರದಂಥ ಚಕ್ರ ಇರುತ್ತದಲ್ಲ, ಅದು ನಿಂತಿರಬೇಕು. ತಿರುಗುತ್ತಿದ್ದರೆ ಬಾಲ್ ವಾಲ್ವ್ ಸರಿಯಾಗಿ ಮುಚ್ಚಿಲ್ಲ, ಇಲ್ಲವೇ ನೆಲದೊಳಗಿನ ಪೈಪ್ ಸೋರುತ್ತಿದೆ. ಹೆಚ್ಚಿದ ನೀರು ಓವರ್‌ಫ್ಲೋ ಪೈಪಿನಲ್ಲಿ ಸುಮ್ನೆ ಮೋರಿಗೆ ಹೋದರೂ ಬಿಲ್ಲಿಗೆ ಸೇರುತ್ತದೆ, ನೆನಪಿರಲಿ.

ಸಂಪು: ನೀರು ಬರದ ರಾತ್ರಿ, ಮೋಟರ್ ಹಾಕದೆ, ಒಂದು ಕೋಲು ಇಳಿಸಿ ಒದ್ದೆಯಾದ ಕಡೆ ಗುರುತು ಹಾಕಿ. ಬೆಳಿಗ್ಗೆ ಮತ್ತೆ ಇಳಿಸಿ. 6 ಅಡಿ ಉದ್ದ 5 ಅಡಿ ಅಗಲದ ಸಂಪಿನಲ್ಲಿ ಒಂದು ಇಂಚು ಇಳಿದರೆ ಎರಡೂವರೆ ಘನ ಅಡಿ, ಅಂದರೆ ಸುಮಾರು 70 ಲೀಟರ್. ಒಂದು ಇಂಚು ಅಂದರೆ ಏನೂ ಅಲ್ಲ ಅನ್ನಿಸುತ್ತದೆ ಅಲ್ವಾ? ರಾತ್ರಿಗೆ 70 ಅಂದರೂ ತಿಂಗಳ ರಾತ್ರಿಗಳಿಗೇ ಎರಡು ಯೂನಿಟ್ ಆಯಿತು. ಹಗಲು ಸೋರುವುದು ಇನ್ನೂ ಬೇರೆ.

ಮೇಲಿನ ಟ್ಯಾಂಕಿನಿಂದ ನಲ್ಲಿ ತನಕ: ಅದೇ ರಾತ್ರಿ ಟ್ಯಾಂಕಿನ ಮಟ್ಟವನ್ನೂ ಗುರುತು ಮಾಡಿ. ಇಳಿದರೆ ಮೊದಲ ಅನುಮಾನ ಫ್ಲಶ್ ಮೇಲೆ ಇರಲಿ. ಸಿಸ್ಟರ್ನ್‌ಗೆ (ಫ್ಲಶ್ ಟ್ಯಾಂಕಿಗೆ) ಅಡುಗೆ ಬಣ್ಣ ಸ್ವಲ್ಪ ಹಾಕಿ, ಫ್ಲಶ್ ಮಾಡದೆ ಅರ್ಧ ಗಂಟೆ ಬಿಡಿ. ಕಮೋಡಿನಲ್ಲಿ ಬಣ್ಣ ಕಂಡರೆ ಒಳಗಿನ ವಾಷರ್ ಬದಲಿಸಬೇಕು. ತೊಟ್ಟಿಕ್ಕುವ ನಲ್ಲಿಗೆ ಒಂದು ಲೋಟ ಇಡಿ. 200 ಮಿಲಿಲೀಟರ್ ಲೋಟ ಹತ್ತು ನಿಮಿಷಕ್ಕೆ ತುಂಬಿದರೆ ತಿಂಗಳಿಗೆ 860 ಲೀಟರ್ ದಾಟುತ್ತದೆ.

ಸ್ಲ್ಯಾಬ್ ಭಯ

ಗೃಹ ಬಳಕೆಗೆ 8, 25, 50 ಸಾವಿರ ಲೀಟರ್‌ಗಳಲ್ಲಿ ದರ ಏರುತ್ತದೆ, ಈ ಒಂದೊಂದು ಹಂತವೇ ಸ್ಲ್ಯಾಬ್. ಟಿ.ಕೆ. ಹಳ್ಳಿ, ಹಾರೋಹಳ್ಳಿ, ತಾತಗುಣಿ ಅಂತ ಮೂರು ಕಡೆ ಪಂಪ್ ಮಾಡಿ ನೂರು ಕಿಲೋಮೀಟರ್ ದೂರದಿಂದ ಮೇಲೆತ್ತಿ ತರುವ ನೀರಿದು. ಜಾಸ್ತಿ ಬಳಸುವವರು ಜಾಸ್ತಿ ಕೊಡಬೇಕು ಅನ್ನುವುದು ನನಗೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ "25 ದಾಟಿದರೆ ಪೂರ್ತಿ ನೀರಿಗೂ ಮೇಲಿನ ದರ" ಅನ್ನುವ ಮಾತು ಸುಳ್ಳು. ದಾಟಿದ ಭಾಗಕ್ಕೆ ಮಾತ್ರ ಮೇಲಿನ ದರ. 2014 ರಿಂದ ಇದ್ದ ಹಳೆಯ ದರದಲ್ಲಿ 26 ಯೂನಿಟ್ ಲೆಕ್ಕ ಹಾಕೋಣ. ಮೊದಲ 8 ಕ್ಕೆ 7 ರೂಪಾಯಿಯಂತೆ 56. ಮುಂದಿನ 17 ಕ್ಕೆ 11 ರಂತೆ 187. ಕೊನೆಯ ಒಂದಕ್ಕೆ 26. ಒಟ್ಟು 269 ರೂಪಾಯಿ. ಎಲ್ಲಕ್ಕೂ 26 ಅಂತ ಗುಣಿಸಿದರೆ 676 ಬಂದು ಎದೆ ಧಸಕ್ ಅನ್ನುತ್ತದೆ. 2025 ರ ಏಪ್ರಿಲ್‌ನಲ್ಲಿ ದರ ಏರಿದೆ, ನಿಮ್ಮ ಬಿಲ್ಲಿನ ದರ ಹಾಕಿಕೊಂಡು ಇದೇ ರೀತಿ ಮಾಡಿ. ಒಳಚರಂಡಿ ಶುಲ್ಕ ಬೇರೆ ಸೇರುತ್ತದೆ.

ಉಳಿಸುವುದು ಎಲ್ಲಿ

ಹಳೆಯ ಫ್ಲಶ್ ಒಂದು ಸಲಕ್ಕೆ 10 ಲೀಟರ್ ಕುಡಿಯುತ್ತದೆ. ನಾಲ್ಕು ಜನ, ದಿನಕ್ಕೆ 20 ಸಲ ಅಂದರೆ 200 ಲೀಟರ್, ತಿಂಗಳಿಗೆ 6 ಯೂನಿಟ್. 3 ಮತ್ತು 6 ಲೀಟರ್‌ನ ಎರಡು ಗುಂಡಿಯ ಫ್ಲಶ್ ಹಾಕಿಸಿ, ಹೆಚ್ಚಾಗಿ ಚಿಕ್ಕದನ್ನೇ ಒತ್ತಿದರೆ ಎರಡು ಯೂನಿಟ್ ಚಿಲ್ಲರೆಗೆ ಇಳಿಯುತ್ತದೆ. ದುಡ್ಡು ಹಾಕಲು ಆಗದಿದ್ದರೆ ಒಂದು ಲೀಟರ್ ಬಾಟಲಿಗೆ ನೀರು ತುಂಬಿ ಮುಚ್ಚಳ ಬಿಗಿ ಮಾಡಿ ಸಿಸ್ಟರ್ನ್ ಒಳಗೆ ಇಡಿ, ಒಳಗಿನ ಯಂತ್ರಕ್ಕೆ ತಾಗದ ಹಾಗೆ. ತಿಂಗಳಿಗೆ 600 ಲೀಟರ್ ಉಳಿಯುತ್ತದೆ. ಬಾಡಿಗೆ ಮನೆಯವರಿಗೆ ನಾನು ಮೊದಲು ಹೇಳುವುದು ಇದನ್ನೇ. ನಲ್ಲಿಗೆ ಏರಿಯೇಟರ್ (ನೀರಿಗೆ ಗಾಳಿ ಬೆರೆಸುವ ಜಾಲರಿ), ಆರ್‌ಒ ಹೊರಹಾಕುವ ನೀರು ನೆಲ ಒರೆಸಲು, ಇವು ನಿಮಗೆ ಗೊತ್ತಿರುವುದೇ.

ಮೀಟರ್ ರೀಡರ್ ಬಂದ ದಿನ ಕೆಂಪು ಮುಳ್ಳುಗಳೂ ಕಾಣುವ ಹಾಗೆ ಒಂದು ಫೋಟೋ ತೆಗೆದಿಡಿ. ಬಿಲ್ಲಿನ ಅಂಕಿ ಫೋಟೋಗೆ ಹೊಂದದಿದ್ದರೆ ಬಿಲ್ಲಿನಲ್ಲಿರುವ ಆರ್‌ಆರ್ ನಂಬರ್ (ನಿಮ್ಮ ಸಂಪರ್ಕದ ಸಂಖ್ಯೆ) ಕೈಯಲ್ಲಿಟ್ಟುಕೊಂಡು ಜಲಮಂಡಳಿಯ 1916 ಕ್ಕೆ ಫೋನ್ ಮಾಡಿ.