ಒಳಸಂಚು ಮೊದಲೇ ಬಯಲಾದರೆ

ವಾರನ್ ಸ್ಪೆಕ್ಟರ್ ನೇತೃತ್ವದಲ್ಲಿ ಅಯಾನ್ ಸ್ಟಾರ್ಮ್ ತಂಡ ರೂಪಿಸಿದ ಡಿಯಸ್ ಎಕ್ಸ್ ಎಂಬ ವಿಡಿಯೋ ಗೇಮ್ ಬಿಡುಗಡೆಯಾದದ್ದು 2000ದಲ್ಲಿ. ಅದರ ಕಥೆ ನಡೆಯುವುದು 2052ರಲ್ಲಿ. ಗ್ರೇ ಡೆತ್ ಎಂಬ ಸಾಂಕ್ರಾಮಿಕ ರೋಗ ಹಬ್ಬಿದೆ, ಅದನ್ನು ತಡೆಯುವ ಆಂಬ್ರೋಸಿಯಾ ಎಂಬ ಮದ್ದು ಬಲ್ಲಿದರ ಪಾಲಾಗಿದೆ, ಆಟಗಾರನು ಜೆ.ಸಿ. ಡೆಂಟನ್ ಎಂಬ ಹೊಸ ಏಜೆಂಟನಾಗಿ ವಿಶ್ವಸಂಸ್ಥೆಯ ಭಯೋತ್ಪಾದನಾ ನಿಗ್ರಹ ದಳದಲ್ಲಿ ಕೆಲಸ ಶುರುಮಾಡುತ್ತಾನೆ. ಆ ದಳವೇ ಒಂದು ಗುಪ್ತಕೂಟದ ಕೈಗೊಂಬೆ ಎಂಬುದು ಕಥೆಯ ದೊಡ್ಡ ತಿರುವು. ಆದರೆ ಆಟಗಾರನು ಒಂದು ಗುಂಡಿಯನ್ನೂ ಒತ್ತುವ ಮೊದಲೇ, ಪೀಠಿಕೆಯ ದೃಶ್ಯದಲ್ಲಿ ಬಾಬ್ ಪೇಜ್ ಮತ್ತು ವಾಲ್ಟನ್ ಸೈಮನ್ಸ್ ಎಂಬಿಬ್ಬರು ರೋಗವೂ ಮದ್ದೂ ತಮ್ಮ ಮುಷ್ಟಿಯಲ್ಲಿವೆ ಎಂಬುದನ್ನು ಬಾಯಿಬಿಟ್ಟು ಮಾತಾಡಿಕೊಳ್ಳುತ್ತಾರೆ. ಮುಂದೆ ಅದೇ ಸೈಮನ್ಸ್ ಸರ್ಕಾರದ ದೊಡ್ಡ ಅಧಿಕಾರಿಯಾಗಿ ದಳದ ಕಚೇರಿಗೆ ಬಂದಾಗ ನಮಗೆ ಗುರುತು ಸಿಗುತ್ತದೆ, ಡೆಂಟನ್‌ಗೆ ಸಿಗುವುದಿಲ್ಲ.

ಸಂಚನ್ನೇ ವಸ್ತುವಾಗಿಟ್ಟುಕೊಂಡ ಆಟಗಳಲ್ಲಿ ಗುಟ್ಟು ಬೇಗ ರಟ್ಟಾಗುವುದು ಅಪರೂಪವೇನಲ್ಲ. ಇದಕ್ಕೆ ಕಥೆ ಬರೆದವರ ಅಜಾಗರೂಕತೆಯೊಂದೇ ಕಾರಣವಲ್ಲ ಎಂಬುದು ನನ್ನ ಅಭಿಪ್ರಾಯ. ಅಚ್ಚರಿ ಎಂಬುದನ್ನು ಅಳೆಯಲು ಬರುತ್ತದೆ. ಕ್ಲಾಡ್ ಶಾನನ್ 1948ರಲ್ಲಿ ಮಂಡಿಸಿದ ಮಾಹಿತಿ ಸಿದ್ಧಾಂತದ ಪ್ರಕಾರ, ಒಂದು ಸುದ್ದಿ ಎಷ್ಟು ಅನಿರೀಕ್ಷಿತವೋ ಅಷ್ಟು ಹೆಚ್ಚು ಮಾಹಿತಿಯನ್ನು ಅದು ಹೊತ್ತಿರುತ್ತದೆ, ಅದರ ಅಳತೆ ಬಿಟ್, ಎಂದರೆ ಎರಡು ಸಮಾನ ಸಾಧ್ಯತೆಗಳಲ್ಲಿ ಯಾವುದು ನಿಜವೆಂದು ತಿಳಿದಾಗ ದೊರೆಯುವಷ್ಟು ಮಾಹಿತಿ. ಎಂಟು ಪಾತ್ರಗಳ ಮೇಲೆ ಸಮನಾದ ಅನುಮಾನವಿದ್ದಾಗ ದ್ರೋಹಿ ಯಾರೆಂದು ತಿಳಿದರೆ ನಮಗೆ 3 ಬಿಟ್‌ಗಳಷ್ಟು ಮಾಹಿತಿ ದೊರೆತಂತೆ. ಅದೇ, ಒಬ್ಬನ ಮೇಲೆ ಆಗಲೇ ಶೇಕಡಾ 90ರಷ್ಟು ಅನುಮಾನ ಕೂತಿದ್ದು ಕೊನೆಗೆ ಅವನೇ ಸಿಕ್ಕಿಬಿದ್ದರೆ ದೊರೆಯುವುದು ಸುಮಾರು 0.15 ಬಿಟ್ ಮಾತ್ರ. ಸಂಚಿನ ಕಥೆ ಎಂದು ಪೆಟ್ಟಿಗೆಯ ಮೇಲೆಯೇ ಬರೆದಿರುವ ಆಟದಲ್ಲಿ, ಆಜ್ಞೆ ಕೊಡುವ ಮೇಲಧಿಕಾರಿಯ ಮೇಲಿನ ಅನುಮಾನ ಶೂನ್ಯದಿಂದ ಆರಂಭವಾಗುವುದೇ ಇಲ್ಲ.

ಅಲ್ಲಿಂದ ಮುಂದೆ ಆಟದ ನಿಯಮಗಳೇ ಕಥೆಯ ಗುಟ್ಟನ್ನು ಬಿಟ್ಟುಕೊಡುತ್ತವೆ. ಶಿರಸಿಯಲ್ಲಿ ಕಾಲೇಜು ಓದುವ ನನ್ನ ಅಕ್ಕನ ಮಗ ಹೊಸದೊಂದು ಆಟದಲ್ಲಿ ತನ್ನ ಜೊತೆಗಾರನತ್ತ ಬಂದೂಕು ತಿರುಗಿಸಿ ನೋಡಿದ. ಗುರಿ ಅವನ ಮೇಲೆ ಬಂದೊಡನೆ ಬಂದೂಕು ತಾನಾಗಿಯೇ ಕೆಳಗಿಳಿಯಿತು. ಪಕ್ಕದ ಇನ್ನೊಬ್ಬನ ಮೇಲೆ ಹಾಗಾಗಲಿಲ್ಲ. "ಇಂವ ಕಡೆಗೆ ನಂಗಳ ಮೇಲೇ ತಿರುಗ್ತ ನೋಡು ಮಾವ" ಎಂದು ಅವನು ಅಲ್ಲಿಯೇ ತೀರ್ಮಾನ ಕೊಟ್ಟ. ಕಥೆ ಆ ಬಗ್ಗೆ ಇನ್ನೂ ಒಂದು ಮಾತನ್ನೂ ಆಡಿರಲಿಲ್ಲ. ಮುಂದೆ ಬೇಕಾಗುವ ಪಾತ್ರವನ್ನು ಈಗಲೇ ಕೊಲ್ಲಲು ಆಟ ಬಿಡುವಂತಿಲ್ಲ, ಬಿಡದಿರುವುದೇ ಅವನು ಮುಂದೆ ಬೇಕಾದವನು ಎಂಬುದಕ್ಕೆ ಸಾಕ್ಷಿಯಾಗುತ್ತದೆ. ಮುಖ, ಧ್ವನಿ, ಚಲನೆ ಎಲ್ಲಕ್ಕೂ ಹಣ ಸುರಿದು ಸಿದ್ಧಪಡಿಸಿದ ಪಾತ್ರವೊಂದು ಸುಮ್ಮನೆ ಮೂಲೆಯಲ್ಲಿ ನಿಂತಿದ್ದರೂ ಇದೇ ತರ್ಕ ಅನ್ವಯಿಸುತ್ತದೆ.

ಇನ್ನೊಂದು ಕಾರಣ ಸುಳಿವುಗಳನ್ನು ಹಂಚುವ ರೀತಿಯಲ್ಲಿದೆ. ಕಾದಂಬರಿಯ ಓದುಗನು ಪುಟಗಳನ್ನು ಕ್ರಮವಾಗಿ ತಿರುವುತ್ತಾನೆ, ಆಟಗಾರನಾದರೋ ಯಾವ ಕೋಣೆಗೆ ಮೊದಲು ಹೊಕ್ಕಾನು, ಯಾವ ಮೇಜನ್ನು ಬಿಟ್ಟಾನು ಎಂದು ಹೇಳಲಾಗದು. ಆದ್ದರಿಂದ ಒಂದೇ ಸಂಗತಿಯನ್ನು ಪತ್ರಿಕೆಯಲ್ಲಿ, ಇಮೇಲಿನಲ್ಲಿ, ದಾರಿಹೋಕರ ಮಾತಿನಲ್ಲಿ ಮತ್ತೆ ಮತ್ತೆ ಇಡಬೇಕಾಗುತ್ತದೆ. ಅವಸರದಲ್ಲಿ ಓಡುವವನಿಗೆ ಅವುಗಳಲ್ಲಿ ಒಂದು ಸಿಕ್ಕರೆ ಭಾಗ್ಯ, ಎಲ್ಲವನ್ನೂ ಕೂತು ಓದುವವನಿಗೆ ಅರ್ಧ ದಾರಿಗೂ ಮೊದಲೇ ಇಡೀ ಚಿತ್ರ ಸಿಕ್ಕಿಬಿಡುತ್ತದೆ. ಶ್ರದ್ಧೆಯಿಂದ ಆಡುವವನೇ ಇಲ್ಲಿ ಅಚ್ಚರಿಯನ್ನು ಕಳೆದುಕೊಳ್ಳುತ್ತಾನೆ ಎಂಬುದು ನನಗೆ ನಿಜವಾಗಿಯೂ ನೋವಿನ ವಿಷಯ.

2007ರ ಬಯೋಶಾಕ್ ಆಟ ಈ ಕಷ್ಟವನ್ನು ಗೆದ್ದ ಬಗೆ ಗಮನಾರ್ಹವಾದದ್ದು. ಅಲ್ಲಿ ಅಟ್ಲಾಸ್ ಎಂಬವನು ರೇಡಿಯೋದಲ್ಲಿ "ವುಡ್ ಯು ಕೈಂಡ್ಲಿ" (ದಯವಿಟ್ಟು ಮಾಡುವಿರಾ) ಎಂದು ವಿನಯದಿಂದ ದಾರಿ ತೋರಿಸುತ್ತಾನೆ. ನಾಯಕನು ಆ ಮಾತು ಕೇಳಿದೊಡನೆ ಹೇಳಿದ್ದನ್ನು ಮಾಡಲೇಬೇಕಾದಂತೆ ಅವನ ಮನಸ್ಸನ್ನು ಮೊದಲೇ ಪಳಗಿಸಲಾಗಿತ್ತು ಎಂಬುದು ಕಥೆ ಬಹಳ ಮುಂದೆ ಸಾಗಿದ ಮೇಲಷ್ಟೇ ಬಯಲಾಗುತ್ತದೆ. ಅಟ್ಲಾಸ್‌ನನ್ನು ಅನುಮಾನಿಸಿದವರೂ ಅವನ ಸೂಚನೆಯನ್ನು ಅನುಮಾನಿಸಲಿಲ್ಲ, ಏಕೆಂದರೆ ಸೂಚನೆಯಂತೆ ನಡೆಯುವುದು ಎಲ್ಲ ಆಟಗಳಲ್ಲೂ ಇರುವ ರೂಢಿ. ಗುಟ್ಟನ್ನು ಪಾತ್ರದಲ್ಲಿ ಬಚ್ಚಿಡದೆ ಆಡುವ ಅಭ್ಯಾಸದಲ್ಲಿಯೇ ಬಚ್ಚಿಟ್ಟದ್ದರಿಂದ ಅಚ್ಚರಿ ಉಳಿಯಿತು.

ಹಾಗಾದರೆ ಗುಟ್ಟು ಮೊದಲೇ ತಿಳಿದರೆ ಸ್ವಾರಸ್ಯ ಹೋಗಿಯೇಬಿಡುತ್ತದೆಯೇ? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕೇಂದ್ರದಲ್ಲಿ ಜೊನಾಥನ್ ಲೆವಿಟ್ ಮತ್ತು ನಿಕೊಲಸ್ ಕ್ರಿಸ್ಟೆನ್‌ಫೆಲ್ಡ್ 12 ಸಣ್ಣಕಥೆಗಳನ್ನು ಓದಿಸಿ ಪರೀಕ್ಷಿಸಿದಾಗ, ಅಂತ್ಯವನ್ನು ಮೊದಲೇ ತಿಳಿದವರೇ ಒಟ್ಟಿನಲ್ಲಿ ಹೆಚ್ಚು ಮೆಚ್ಚಿದರು. ಇದು ಪ್ರಕಟವಾದದ್ದು 2011ರಲ್ಲಿ. ಬೆಂಜಮಿನ್ ಜಾನ್ಸನ್ ಮತ್ತು ಜುಡಿತ್ ರೋಸೆನ್‌ಬಾಮ್ 2015ರಲ್ಲಿ ಇದಕ್ಕೆ ವಿರುದ್ಧವಾದ ಫಲಿತಾಂಶ ಕಂಡರು. ಎರಡೂ ಓದುಗರ ಮೇಲಿನ ಪ್ರಯೋಗಗಳು ಎಂಬುದನ್ನು ಮರೆಯಬಾರದು.

ನಮ್ಮ ಜಿಲ್ಲೆಯವರಿಗೆ ಇದರ ಮರ್ಮ ಬಯಲಾಟದಿಂದಲೇ ಗೊತ್ತು. ಕೀಚಕವಧೆಯಲ್ಲಿ ವಲಲನು ಭೀಮನೆಂದು ತಿಳಿಯದವರು ಹೊನ್ನಾವರ, ಕುಮಟಾ, ಶಿರಸಿಯ ಯಾವ ಗದ್ದೆಬಯಲಿನಲ್ಲೂ ಇಲ್ಲ. ಅದೂ ಸಾಲದೆಂಬಂತೆ ಭಾಗವತರು ಪದ್ಯದಲ್ಲಿ ಹೇಳಿದ್ದನ್ನೇ ವೇಷಧಾರಿ ಆಮೇಲೆ ಅರ್ಥದಲ್ಲಿ, ಎಂದರೆ ತನ್ನ ಗದ್ಯದ ಮಾತಿನಲ್ಲಿ, ವಿಸ್ತರಿಸುತ್ತಾನೆ. ಆದರೂ ಸೈರಂಧ್ರಿ ಕಾದಿದ್ದಾಳೆಂದು ನಂಬಿ ಕೀಚಕನು ಸಿಂಗರಿಸಿಕೊಂಡು ನಾಟ್ಯಶಾಲೆಯತ್ತ ಹೆಜ್ಜೆಯಿಡುವಾಗ, ಚಂಡೆಯ ಪೆಟ್ಟು ಬಿಗಿಯಾಗುತ್ತಿದ್ದಂತೆ ಜನ ಉಸಿರು ಬಿಗಿಹಿಡಿದು ಕೂತಿರುತ್ತಾರೆ. ಜೆಫ್ರಿ ಈಲಿ, ಅಲೆಕ್ಸಾಂಡರ್ ಫ್ರಾಂಕೆಲ್, ಎಮಿರ್ ಕಾಮೆನಿಕಾ ಎಂಬ ಅರ್ಥಶಾಸ್ತ್ರಜ್ಞರು 2015ರ ಪ್ರಬಂಧವೊಂದರಲ್ಲಿ ಗಣಿತದ ಭಾಷೆಯಲ್ಲಿ ಬಿಡಿಸಿಟ್ಟ ಭೇದ ಇಲ್ಲಿ ನೆರವಿಗೆ ಬರುತ್ತದೆ: ಅಚ್ಚರಿಯು ನಮ್ಮ ನಂಬಿಕೆ ಈಗ ತಾನೇ ಎಷ್ಟು ಬದಲಾಯಿತು ಎಂಬುದರ ಅಳತೆ, ಕಾತರವು ಮುಂದಿನ ಕ್ಷಣದಲ್ಲಿ ಅದು ಎಷ್ಟು ಬದಲಾದೀತು ಎಂಬುದರ ಅಳತೆ. ಭೀಮನ ಗುರುತು ಗೊತ್ತಿದ್ದರೂ ಇಂದಿನ ಕೀಚಕ ಯಾವ ಮಾತು ಆಡಿಯಾನು, ಯಾವ ಗಳಿಗೆಯಲ್ಲಿ ಅವನಿಗೆ ತಿಳಿದೀತು ಎಂಬುದು ಗೊತ್ತಿರುವುದಿಲ್ಲ.

ಆದರೆ ಪ್ರೇಕ್ಷಕನು ಕೀಚಕನ ಕಾಲನ್ನು ತಾನೇ ನಡೆಸಬೇಕಾಗಿಲ್ಲ. ಆಟಗಾರನು ನಡೆಸಬೇಕು. ದಳದ ಹಿಂದೆ ಗುಪ್ತಕೂಟವಿದೆಯೆಂದು ಬಲ್ಲವನು ಅದೇ ದಳದ ಶತ್ರುಗಳ ಮೇಲೆ ಗುಂಡು ಹಾರಿಸದೆ ಆಟ ಮುಂದೆ ಹೋಗದಿದ್ದರೆ, ಅವನ ತಿಳಿವಳಿಕೆ ಅವನಿಗೇ ಹೊರೆಯಾಗುತ್ತದೆ. ಗುಟ್ಟು ಬೇಗ ರಟ್ಟಾದದ್ದು ದೋಷವಲ್ಲ, ರಟ್ಟಾದ ಮೇಲೂ ಕೈಕಟ್ಟಿ ನಿಲ್ಲಿಸುವುದು ದೋಷ.

ಡಿಯಸ್ ಎಕ್ಸ್ ತನ್ನ ಪೀಠಿಕೆಯ ಸಾಲವನ್ನು ಬಹುಮಟ್ಟಿಗೆ ತೀರಿಸುವುದು ಇಲ್ಲಿಯೇ. ಶತ್ರುಗಳನ್ನು ಕೊಲ್ಲದೆ ಪ್ರಜ್ಞೆ ತಪ್ಪಿಸಿ, ಇಲ್ಲವೇ ಕಣ್ಣುತಪ್ಪಿಸಿ ದಾಟಲು ಮೊದಲ ಹಂತದಿಂದಲೇ ಅವಕಾಶವಿದೆ. ಮುಂದೆ ವಿಮಾನವೊಂದರಲ್ಲಿ ಲೆಬೆಡೆವ್ ಎಂಬ ಬಂಡುಕೋರ ನಾಯಕ ಶರಣಾಗುತ್ತಾನೆ, ಸಹೋದ್ಯೋಗಿ ಆನಾ ನವಾರೆ ಅವನನ್ನು ಅಲ್ಲಿಯೇ ಕೊಲ್ಲೆಂದು ಒತ್ತಾಯಿಸುತ್ತಾಳೆ. ಅವನನ್ನು ಕೊಲ್ಲಬಹುದು, ಅವಳೇ ಕೊಲ್ಲಲೆಂದು ಸುಮ್ಮನಿರಬಹುದು, ಅವಳ ಮೇಲೆಯೇ ಬಂದೂಕು ತಿರುಗಿಸಬಹುದು. ಆಗ ಆ ಬಂದೂಕು ಕೆಳಗಿಳಿಯುವುದಿಲ್ಲ, ಮತ್ತು ಆಟಗಾರನು ಆರಿಸಿದ್ದನ್ನು ಮುಂದಿನ ಕಥೆ ಲೆಕ್ಕಕ್ಕೆ ಹಿಡಿಯುತ್ತದೆ.